ಬಿಲ್ ಏರಿದ್ದು ಯಾಕೆ ಅಂತ ಹುಡುಕಲು ಹೋಗಿ

ಮಂಗಳೂರಿನ ಬಿಜೈಯಲ್ಲಿ ನಮ್ಮದು ನಾಲ್ಕು ಜನರ ಆಫೀಸು. ಉಡುಪಿಯ ಒಂದು ಸ್ಕ್ಯಾನಿಂಗ್ ಸೆಂಟರಿನ ಫೈಲುಗಳನ್ನು ಅಮೆಜಾನ್ ಎಸ್3ಯಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಫೈಲು ಇಡುವ ಸೇವೆಯಲ್ಲಿ, ಇಡುವ ಕೆಲಸ ನಮ್ಮದು. ಕಳೆದ ಮಳೆಗಾಲದಿಂದ ಅವರ ಸ್ಟೋರೇಜ್ ಬಿಲ್ ತಿಂಗಳು ತಿಂಗಳೂ ಏರತೊಡಗಿತು. ಇರುವುದು ಹನ್ನೊಂದು ಬಕೆಟ್, ಅಂದರೆ ಫೈಲು ತುಂಬುವ ದೊಡ್ಡ ಡಬ್ಬಗಳು. ಎಲ್ಲಿ ತುಂಬುತ್ತಿದೆ ಅಂತ ಒಂದೊಂದನ್ನೇ ತೆರೆದು ನೋಡುತ್ತಾ ಕೂತರೆ ಮುಗಿಯುವುದಿಲ್ಲ. ಎಲ್ಲದರ ಲೆಕ್ಕ ಒಂದೇ ಪುಟದಲ್ಲಿ ಸಿಗಲಿ ಅಂತ ಎಸ್3 ಸ್ಟೋರೇಜ್ ಲೆನ್ಸ್ ತೆರೆದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ವಾರ ಹಿಡಿಯಿತು.

ಪ್ರತಿ ಅಕೌಂಟಿಗೂ ಒಂದು ಡೀಫಾಲ್ಟ್ ಡ್ಯಾಶ್‌ಬೋರ್ಡ್ ತಾನಾಗಿಯೇ ಬಂದಿರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು ಸೆಂಟರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅಲ್ಲಿ ಅಕೌಂಟ್ಸ್ ನೋಡುವ ಮೇಡಂ ಕಣ್ಣು ಬಲು ಚುರುಕು. "ಇದರಲ್ಲಿ ಯುಎಸ್ ಈಸ್ಟ್ ಅಂತ ಉಂಟಲ್ಲ, ನಮ್ಮ ಪೇಷಂಟ್‌ಗಳ ಫೈಲು ಅಮೆರಿಕಕ್ಕೆ ಹೋಗ್ತದಾ?" ಅಂತ ಫೋನ್ ಬಂತು.

ಫೈಲು ಹೋಗುವುದಿಲ್ಲ. ಅವು ಮುಂಬೈ ರೀಜನ್‌ನಲ್ಲೇ, ಅಂದರೆ ಅಮೆಜಾನಿನ ಮುಂಬೈ ಡೇಟಾ ಸೆಂಟರುಗಳಲ್ಲೇ, ಇರುತ್ತವೆ. ಯುಎಸ್ ಈಸ್ಟ್ ಅನ್ನುವುದು ಆ ಡೀಫಾಲ್ಟ್ ಡ್ಯಾಶ್‌ಬೋರ್ಡಿನ ಹೋಮ್ ರೀಜನ್. ಹೋಮ್ ರೀಜನ್ ಅಂದರೆ ಲೆಕ್ಕದ ಅಂಕಿಗಳನ್ನು ಇಡುವ ಜಾಗ ಅಷ್ಟೆ. ಆದರೆ ಅಂಕಿಯ ಜೊತೆ ಬಕೆಟ್ ಹೆಸರೂ ಇರುತ್ತದೆ, ನಮ್ಮ ಬಕೆಟ್‌ಗಳಿಗೆ ಬ್ರಾಂಚ್ ಹೆಸರು ಇಟ್ಟಿದ್ದೆವು. ಅಗ್ರಿಮೆಂಟ್‌ನಲ್ಲಿ ಏನೂ ಭಾರತ ಬಿಟ್ಟು ಹೋಗಬಾರದು ಅಂತ ಬರೆದಿತ್ತು. ಸುಮ್ನೆ ವಾದ ಯಾಕೆ? ಮುಂಬೈಯನ್ನೇ ಹೋಮ್ ಮಾಡಿ ಹೊಸ ಡ್ಯಾಶ್‌ಬೋರ್ಡ್ ಹಾಕಿದೆ. ಒಮ್ಮೆ ಆರಿಸಿದ ಹೋಮ್ ರೀಜನ್ ಆಮೇಲೆ ಬದಲಾಗುವುದಿಲ್ಲ, ಹಾಗಾಗಿ ಆ ಬಟನ್ ಒತ್ತುವ ಮುಂಚೆ ಎರಡು ಸಲ ನೋಡಿದೆ. ಡೀಫಾಲ್ಟ್ ಡ್ಯಾಶ್‌ಬೋರ್ಡನ್ನು ಅಳಿಸಲು ಬರುವುದಿಲ್ಲ, ಆಫ್ ಮಾಡಿದೆ.

ಫ್ರೀ ಪ್ಲಾನಿನಲ್ಲಿ 14 ದಿನದ ಲೆಕ್ಕ ಮಾತ್ರ ಸಿಗುತ್ತದೆ. ದುಡ್ಡು ಕೊಟ್ಟರೆ 15 ತಿಂಗಳದ್ದು. ನಮಗೆ ಫ್ರೀ ಸಾಕು, ದಿನದ ಲೆಕ್ಕದ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಫೈಲು) ಒಂದು ಬಕೆಟ್‌ಗೆ ಬಂದು ಬೀಳಲಿ ಅಂದುಕೊಂಡೆ. ಫೈಲುಗಳ ಬ್ಯಾಕಪ್ ಪ್ರತಿ ಹೈದರಾಬಾದ್ ರೀಜನ್‌ನಲ್ಲಿ ಇತ್ತು, ಹಾಗಾಗಿ ಆ ಬಕೆಟನ್ನೂ ಅಲ್ಲೇ ಮಾಡಿಬಿಟ್ಟೆ. ಸಿಎಸ್‌ವಿ ಬೀಳುವ ಎಕ್ಸ್‌ಪೋರ್ಟ್ ಬಕೆಟ್ ಹೋಮ್ ರೀಜನ್‌ನಲ್ಲೇ ಇರಬೇಕಂತೆ. ಮತ್ತೆ ಮುಂಬೈಯಲ್ಲಿ ಮಾಡಿದೆ.

ಜಾಸ್ತಿ ಹೊತ್ತು ತಿಂದದ್ದು ಪರ್ಮಿಷನ್. ನಮ್ಮ ಹುಡುಗನಿಗೆ ಎಲ್ಲಾ ಬಕೆಟ್ ಓದುವ ಅನುಮತಿ ಇತ್ತು, ಆದರೂ ಡ್ಯಾಶ್‌ಬೋರ್ಡ್ ತೆರೆಯಲಿಲ್ಲ. ಲೆನ್ಸ್‌ನ ಅನುಮತಿಗಳೇ ಬೇರೆ: ಪಟ್ಟಿ ನೋಡಲು ಒಂದು, ಸೆಟ್ಟಿಂಗ್ ನೋಡಲು ಒಂದು, ಡ್ಯಾಶ್‌ಬೋರ್ಡ್ ನೋಡಲು ಒಂದು. ಹೊಸತು ಮಾಡಲು, ಬದಲಿಸಲು ನಾಲ್ಕನೆಯದು. ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಇದರಲ್ಲೊಂದು ಲಾಭವೂ ಇದೆ. ಮೇಡಂಗೆ ಮೊದಲ ಮೂರನ್ನು ಮಾತ್ರ ಕೊಟ್ಟೆ. ಅವರು ಎಷ್ಟು ಜಿಬಿ ಅಂತ ನೋಡಬಹುದು, ಒಬ್ಬರ ಸ್ಕ್ಯಾನ್ ಕೂಡ ತೆರೆಯಲಾಗುವುದಿಲ್ಲ.

ಸೆಂಟರಿನ ಡಾಕ್ಟರರದ್ದು ಬೇರೆಯೇ ಕತೆ. ಅಕೌಂಟ್ ತೆರೆದದ್ದು ಅವರ ಇಮೇಲ್‌ನಲ್ಲಿ, ಅಂದರೆ ರೂಟ್ ಲಾಗಿನ್ ಅವರದ್ದು. "ಎಲ್ಲದಕ್ಕೂ ಮೇಲಿನ ಲಾಗಿನ್ ನಂದೇ ಅಲ್ವಾ? ನನಗೇ ಕಾಣುದಿಲ್ಲ ಅಂದ್ರೆ ಎಂತ ಮಾರಾಯ್ರೆ?" ಅಂದರು. ಸ್ಟೋರೇಜ್ ಲೆನ್ಸ್ ರೂಟ್‌ಗೆ ಕಾಣುವುದೇ ಇಲ್ಲ. ಅವರಿಗೂ ಒಂದು ಐಎಎಂ ಯೂಸರ್, ಅಂದರೆ ಅದೇ ಅಕೌಂಟಿನೊಳಗೆ ಬೇರೆ ಲಾಗಿನ್, ಮಾಡಿಕೊಟ್ಟೆ.

ಮೊದಲ ಅಂಕಿ ಬರಲು 48 ಗಂಟೆಯವರೆಗೂ ಆಗಬಹುದು. ಮೂರನೇ ದಿನ ಬೆಳಿಗ್ಗೆ ನೋಡಿದರೆ, ಒಂದೇ ಬಕೆಟ್‌ನಲ್ಲಿ ಪೂರ್ತಿಯಾಗದ ಮಲ್ಟಿಪಾರ್ಟ್ ಅಪ್‌ಲೋಡ್ ರಾಶಿ ಬಿದ್ದಿತ್ತು. ದೊಡ್ಡ ಫೈಲು ತುಂಡು ತುಂಡಾಗಿ ಹೋಗುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಆವರೆಗೆ ಹೋದ ತುಂಡುಗಳು ಅಲ್ಲೇ ಉಳಿಯುತ್ತವೆ. ಫೈಲುಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್ ಮಾತ್ರ ಬರುತ್ತದೆ. 7 ದಿನ ಕಳೆದ ತುಂಡುಗಳು ತಾವಾಗಿಯೇ ಅಳಿಯಲಿ ಅಂತ ಲೈಫ್‌ಸೈಕಲ್ ರೂಲ್ ಹಾಕಿದೆ.

ಡಾಕ್ಟರರು ಹೊಸ ಲಾಗಿನ್‌ನಲ್ಲಿ ಗ್ರಾಫ್ ನೋಡಿ ಕೇಳಿದ್ದು ಒಂದೇ: "ಇಷ್ಟು ದಿನ ಈ ತುಂಡುಗಳಿಗೆ ದುಡ್ಡು ಕೊಟ್ಟದ್ದಾ?"

ಹೌದು ಸರ್ ಅಂದೆ. ಅಪ್‌ಲೋಡ್ ಸ್ಕ್ರಿಪ್ಟ್ ಬರೆದದ್ದು ನಾನೇ ಅಂತಲೂ ಹೇಳಬೇಕಾಯಿತು.