ಮಲಪ್ರಭೆಯ ಸವಕಳಿ ನಕ್ಷೆ: ಮಳೆ ಬೀಳುವಾಗ ಹೊಲದಲ್ಲಿ ಏನಿತ್ತು?

ಕಣಕುಂಬಿಯಿಂದ ನವಿಲುತೀರ್ಥದ ಅಣೆಕಟ್ಟೆಯವರೆಗಿನ ಮಲಪ್ರಭೆಯ ಜಲಾನಯನ ಪ್ರದೇಶದಲ್ಲಿ ಮಣ್ಣು ಎಲ್ಲಿ ಹೆಚ್ಚು ಕೊಚ್ಚಿಹೋಗುತ್ತದೆ ಎಂದು ಕೇಳಿದರೆ, ಹೆಚ್ಚಿನವರು ಖಾನಾಪುರದ ಘಟ್ಟದ ಕಡೆ ಕೈ ತೋರಿಸುತ್ತಾರೆ. ಮಳೆಯೂ ಅಲ್ಲೇ ಹೆಚ್ಚು, ಇಳಿಜಾರೂ ಅಲ್ಲೇ ಕಡಿದು. ಆದರೆ ಅಲ್ಲಿ ಕಾಡು ನೆಲವನ್ನು ಹಿಡಿದು ನಿಂತಿದೆ. ನಾನು ಮಾಡಿದ ನಕ್ಷೆಯಲ್ಲಿ ಹೆಚ್ಚು ಸವಕಳಿಯ ಗುರುತಾಗಿ ಕೆಂಪಾಗಿದ್ದು ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲಗಳು.

ಬಳಸಿದ ಸೂತ್ರ ಆರ್‌ಯುಎಸ್‌ಎಲ್‌ಇ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು, ನೆಲದ ಹೊದಿಕೆ (ಬೆಳೆ, ಕಾಡು), ಒಡ್ಡಿನಂಥ ರಕ್ಷಣೆ ಇವಿಷ್ಟನ್ನೂ ಗುಣಿಸಿದರೆ ಹೆಕ್ಟೇರಿಗೆ ವರ್ಷಕ್ಕೆ ಎಷ್ಟು ಟನ್ ಮಣ್ಣು ಹೋಗಬಹುದೆಂಬ ಅಂದಾಜು ಸಿಗುತ್ತದೆ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ, ಬಾಹ್ಯಾಕಾಶದಿಂದ ಅಳೆದು 30 ಮೀಟರಿಗೊಂದರಂತೆ ನೆಲದ ಎತ್ತರ ಕೊಡುವ ಎಸ್‌ಆರ್‌ಟಿಎಂ ಮಾಹಿತಿಯೂ ಉಚಿತ. ಅದರಲ್ಲಿ ಅಳತೆಯ ದೋಷದಿಂದ ಮೂಡಿದ ಸುಳ್ಳು ಗುಂಡಿಗಳನ್ನು ತುಂಬಿಸಿ, ನೀರು ಹರಿಯುವ ದಿಕ್ಕು ತೆಗೆದು, ಅಣೆಕಟ್ಟೆಯ ಜಾಗದಲ್ಲಿ ಒಂದು ಬಿಂದು ಇಟ್ಟರೆ ಜಲಾನಯನದ ಗಡಿ ಮೂಡುತ್ತದೆ.

ಕಷ್ಟವೆಲ್ಲ ಇರುವುದು ಹೊದಿಕೆಯಲ್ಲಿ. ಮಳೆಗಾಲದಲ್ಲಿ ಮೋಡ ಮುಚ್ಚಿಕೊಂಡಿರುವುದರಿಂದ ಡಿಸೆಂಬರಿನ ಸ್ವಚ್ಛ ಉಪಗ್ರಹ ಚಿತ್ರವನ್ನು ಎತ್ತಿಕೊಳ್ಳುವುದು ವಾಡಿಕೆ. ಆಗ ಎರೆಹೊಲಗಳು ಜೋಳ, ಕಡಲೆಯಿಂದ ಹಸಿರಾಗಿರುತ್ತವೆ. ಸೂತ್ರ ಅವನ್ನು ಸುರಕ್ಷಿತ ಎಂದು ಎಣಿಸಿಬಿಡುತ್ತದೆ. ನಿಜದಲ್ಲಿ ಹಿಂಗಾರಿಗೆಂದು ಬಿಟ್ಟ ಆ ಹೊಲಗಳು ಮುಂಗಾರಿಯುದ್ದಕ್ಕೂ ಹರಗಿದ ಬೋಳು ನೆಲ. ಉತ್ತರಿ, ಹಸ್ತದ ಜೋರು ಮಳೆ ಬೀಳುವುದೂ ಅದರ ಮೇಲೆಯೇ. ಹಾಗಾಗಿ ನಾನು ತಿಂಗಳುವಾರು ಹೊದಿಕೆ ತೆಗೆದು, ವರ್ಷದ ಮಳೆಯ ಹೊಡೆತದಲ್ಲಿ ಆ ತಿಂಗಳ ಪಾಲು ಎಷ್ಟೋ ಅಷ್ಟು ತೂಕ ಕೊಟ್ಟೆ. ಮೋಡದ ತಿಂಗಳುಗಳಿಗೆ, ಮೋಡದಾಚೆಗೂ ನೋಡಬಲ್ಲ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ನೆರವಾಯಿತು. ಯಾವ ಹೊಲಕ್ಕೆ ಯಾವಾಗ ಬಿತ್ತನೆ ಎಂಬುದನ್ನು ಮಾತ್ರ ರೈತರನ್ನೇ ಕೇಳಬೇಕು.

ಮೊಬೈಲಿನಲ್ಲಿ ನಕ್ಷೆ ಹಿಡಿದು ಹೊಲಗಳನ್ನು ನಡೆದು ನೋಡಿದೆ. ನೂರು ಮೀಟರಿಗೆ ಎರಡು ಮೀಟರಿನ ಇಳಿಜಾರು ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಆದರೂ ಒಡೆದ ಒಡ್ಡಿನ ಕೆಳಗೆ ನುಣುಪಾದ ಕಪ್ಪು ಮಣ್ಣು ಬೀಸಣಿಗೆಯಂತೆ ಹರಡಿಕೊಂಡಿತ್ತು. ಮೇಲಿನ ಹೊಲದಲ್ಲಿ ಮೇಲ್ಮಣ್ಣು ಹೋಗಿ ಬಿಳಿ ಸುಣ್ಣದ ಹರಳುಗಳು ಎದ್ದು ನಿಂತಿದ್ದವು. ಇಂಥ ಹೊಲದ ಒಡ್ಡು 30 ಮೀಟರಿಗೊಂದರಂತೆ ಸಿಗುವ ಎತ್ತರದ ಮಾಹಿತಿಯಲ್ಲಿ ಕಾಣುವುದೇ ಇಲ್ಲ. ಒಡ್ಡಿನ ಅಂಕಿಯನ್ನು ಹೀಗೆ ನಡೆದೇ ತುಂಬಿದೆ.

ಫಲಿತಾಂಶವನ್ನು ಟನ್ನುಗಳಲ್ಲಿ ಕೊಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಈ ಸೂತ್ರ ಹುಟ್ಟಿದ್ದು ಅಮೆರಿಕದಲ್ಲಿ, 22.1 ಮೀಟರ್ ಉದ್ದದ ಇಳಿಜಾರನ್ನು ಅಳತೆಗೋಲಾಗಿ ಇಟ್ಟುಕೊಂಡು. ದೊಡ್ಡ ಕೊರಕಲುಗಳು ಅದರ ಲೆಕ್ಕಕ್ಕೆ ಬರುವುದಿಲ್ಲ, ದಾರಿಯಲ್ಲಿ ತಂಗುವ ಮಣ್ಣೂ ಬರುವುದಿಲ್ಲ. ಜಲಾಶಯದ ಹೂಳನ್ನು ಅದರಿಂದ ಹೇಳಲಾಗದು. ಆದ್ದರಿಂದ ಕಿರು ಜಲಾನಯನಗಳನ್ನು ಅಪಾಯದ ಕ್ರಮದಲ್ಲಿ ಜೋಡಿಸಿ ಕೊಟ್ಟೆ. ಮುಂಗಾರಿಗೆ ಹೆಸರುಕಾಳು ಬಿತ್ತಿ, ಅದು ಬಂದ ಮೇಲೆ ಜೋಳ ಹಾಕುವ ಹೊಲಗಳು ಅದೇ ಇಳಿಜಾರಿನಲ್ಲಿದ್ದರೂ ಪಟ್ಟಿಯಲ್ಲಿ ಕೆಳಗಿಳಿದವು. ಒಡ್ಡು ದುರಸ್ತಿಯ ಜೊತೆಗೆ ಹೆಸರಿನ ಬೀಜವನ್ನೂ ಮೇಲಿನ ಸಾಲಿನ ಹಳ್ಳಿಗಳಿಗೆ ಮೊದಲು ಕೊಡಿ ಎಂದು ಪಟ್ಟಿಯ ಜೊತೆಯಲ್ಲೇ ಬರೆದಿದ್ದೇನೆ.