ಮಗುವಿಗೆ ಓಟಿ ಬೇಕೆಂದರೆ: ಕ್ವೀನ್ಸ್‌ಗೆ ಹೊಸದಾಗಿ ಬಂದವರಿಗೆ

ಗುಂಡಿ ಹಾಕಿಕೊಳ್ಳಲು, ಪೆನ್ಸಿಲ್ ಹಿಡಿಯಲು, ಒಂದೆಡೆ ಕೂತು ಉಣ್ಣಲು ಮಗು ತೀರಾ ಒದ್ದಾಡುತ್ತಿದ್ದರೆ ಮಕ್ಕಳ ಡಾಕ್ಟರು ಆಕ್ಯುಪೇಷನಲ್ ಥೆರಪಿಸ್ಟನ್ನು ಕಾಣಲು ಹೇಳುತ್ತಾರೆ. ದಿನನಿತ್ಯದ ಇಂಥ ಕೆಲಸಗಳನ್ನು ಅಭ್ಯಾಸ ಮಾಡಿಸಿ ಕಲಿಸುವ ಈ ಚಿಕಿತ್ಸೆ ಎಲ್ಲರ ಬಾಯಲ್ಲೂ ‘ಓಟಿ’. ಹಾಗೆಂದ ಕೂಡಲೇ ಫ್ಲಶಿಂಗ್‌ನಲ್ಲಿ ಯಾವ ಕ್ಲಿನಿಕ್ ಇದೆ ಎಂದು ಫೋನಿನಲ್ಲಿ ಹುಡುಕಲು ಕೂರಬೇಡಿ. ನ್ಯೂಯಾರ್ಕ್ ನಗರದಲ್ಲಿ ಯಾವ ಬಾಗಿಲು ತಟ್ಟಬೇಕು ಎನ್ನುವುದು ಮಗುವಿನ ವಯಸ್ಸಿನ ಮೇಲೆ ನಿಂತಿದೆ. ಇದು ಗೊತ್ತಿಲ್ಲದೆ, ಪುಕ್ಕಟೆ ಸಿಗುವುದಕ್ಕೂ ದುಡ್ಡು ಸುರಿಯುವವರಿದ್ದಾರೆ.

ಮೂರು ತುಂಬಿಲ್ಲವೇ? ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ‘ಅರ್ಲಿ ಇಂಟರ್ವೆನ್ಷನ್’ ಬೇಕೆನ್ನಿ. ಬೆಳವಣಿಗೆಯಲ್ಲಿ ಹಿಂದುಳಿದ ಪುಟ್ಟ ಮಕ್ಕಳಿಗೆ ನೆರವಾಗುವ ಸರ್ಕಾರಿ ಯೋಜನೆ ಇದು. ಅಪ್ಪ ಅಮ್ಮನೇ ಕೇಳಬಹುದು, ಡಾಕ್ಟರ ಚೀಟಿಗೆ ಕಾಯಬೇಕಿಲ್ಲ. ವೀಸಾ ಯಾವುದಾದರೂ ಸರಿ, ನಿಮ್ಮ ಕೈಯಿಂದ ಖರ್ಚಿಲ್ಲ. ಮೂರು ತುಂಬಲು 45 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಮಾತ್ರ ಈ ದಾರಿ ಮುಚ್ಚಿದಂತೆ. ಆದ್ದರಿಂದ “ಅವರಪ್ಪನೂ ಎಲ್ಲ ತಡವಾಗಿಯೇ ಕಲಿತಿದ್ದು, ಬಿಡಿ” ಎನ್ನುವ ಹಿರಿಯರ ಮಾತು ಕೇಳಿ ತಿಂಗಳುಗಟ್ಟಲೆ ಸುಮ್ಮನಿರಬೇಡಿ.

ದುಭಾಷಿ ಬೇಕಿದ್ದರೆ ಫೋನಿನಲ್ಲೇ ‘ಕನ್ನಡ’ ಎಂದು ಬಿಡಿಸಿ ಹೇಳಿ. ಬರೀ ‘ಇಂಡಿಯನ್’ ಎಂದಿರೋ, ಹಿಂದಿಯವರು ಸಿಗುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯದೋ ನಿಮ್ಹಾನ್ಸ್‌ನದೋ ಹಳೆಯ ರಿಪೋರ್ಟ್ ಇದ್ದರೆ ಪ್ರತಿ ಕೊಡಿ, ಮೂಲ ನಿಮ್ಮ ಹತ್ತಿರವೇ ಇರಲಿ.

ಮಗುವನ್ನು ಪರೀಕ್ಷಿಸುವವರು ಚಮಚ ಹಿಡಿಯುತ್ತಾನಾ, ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತಾನಾ ಎಂದು ಕೇಳುತ್ತಾರೆ. ಅಜ್ಜಿ ತುತ್ತು ಕೊಟ್ಟು ಬೆಳೆಸಿದ ಮಗು ಚಮಚ ಹಿಡಿದೇ ಇರುವುದಿಲ್ಲ, ಬೆಂಗಳೂರಿನ ಮಗುವಿಗೆ ದಪ್ಪ ಜಾಕೆಟ್ಟೇ ಹೊಸದು. ‘ಇಲ್ಲ’ ಎಂದಷ್ಟೇ ಹೇಳಿದರೆ ಅದು ನ್ಯೂನತೆಯಾಗಿ ದಾಖಲಾಗಬಹುದು. ಮನೆಯಲ್ಲಿ ಕೈಯಲ್ಲೇ ಊಟ ಎಂದು ತಿಳಿಸಿ, ಎದುರಿಗೇ ತಟ್ಟೆಯಿಟ್ಟು ತೋರಿಸಿ. ಅನ್ನ ಸಾರು ಕಲಸಿ ಐದು ಬೆರಳಲ್ಲೂ ಎತ್ತಿಕೊಳ್ಳುತ್ತದೆಯೋ, ಮೊಸರನ್ನ ಬೆರಳಿಗೆ ತಾಕಿದ ಕೂಡಲೇ ಕೈ ಕೊಡವಿ ಅಳುತ್ತದೆಯೋ ಎನ್ನುವುದರಲ್ಲಿ ಥೆರಪಿಸ್ಟಿಗೆ ಬೇಕಾದದ್ದು ಬಹಳ ಇದೆ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಥೆರಪಿಸ್ಟ್ ಮನೆಗೇ ಬರುತ್ತಾರೆ. ಹಗಲು ಮಗುವನ್ನು ನೋಡಿಕೊಳ್ಳುವುದು ಅಜ್ಜಿಯಾದರೆ ಆಗ ಅವರೇ ಪಕ್ಕದಲ್ಲಿರಲಿ, ಅಡುಗೆಮನೆ ಸೇರಿಕೊಳ್ಳುವುದು ಬೇಡ.

ಮೂರರಿಂದ ಐದರವರೆಗೆ ನಿಮ್ಮ ಶಾಲಾ ಡಿಸ್ಟ್ರಿಕ್ಟಿನ ‘ಸಿಪಿಎಸ್‌ಇ’ಗೆ (ಶಾಲೆಗೆ ಮುಂಚಿನ ಮಕ್ಕಳ ವಿಶೇಷ ಶಿಕ್ಷಣ ಸಮಿತಿ), ಆಮೇಲೆ ಶಾಲೆಗೆ ಪತ್ರ ಬರೆಯಬೇಕು. ಬಾಯಿಮಾತು ಬೇಡ. ತಾರೀಖು ಹಾಕಿದ ಪತ್ರದ ಪ್ರತಿ ಇಟ್ಟುಕೊಳ್ಳಿ. ಪರೀಕ್ಷೆಗೆ ಒಪ್ಪಿ ಸಹಿ ಹಾಕಿಕೊಟ್ಟ ಮೇಲೆ 60 ದಿನದೊಳಗೆ ಅದು ಮುಗಿಯಬೇಕೆಂಬುದು ನಿಯಮ. ಮಗುವಿಗೆ ಏನೇನು ನೆರವು ಸಿಗಬೇಕೆಂದು ಬರೆದಿಡುವ ‘ಐಇಪಿ’ ಯೋಜನೆಯಲ್ಲಿ ಓಟಿ ಬರೆದಿದ್ದೂ ಶಾಲೆಯಲ್ಲಿ ಥೆರಪಿಸ್ಟ್ ಇಲ್ಲದಿದ್ದರೆ ‘ಆರ್‌ಎಸ್‌ಎ’ ಎಂಬ ಅನುಮತಿ ಪತ್ರ ಕೊಡುತ್ತಾರೆ. ಅದನ್ನು ಹಿಡಿದು ಹೊರಗಿನ ಥೆರಪಿಸ್ಟರನ್ನು ನೀವೇ ಹುಡುಕಬೇಕು, ಹಣ ನಗರದ ಶಿಕ್ಷಣ ಇಲಾಖೆಯದು.

ಕ್ಲಿನಿಕ್ ಹುಡುಕಾಟ ಶುರುವಾಗುವುದು ಈಗ. ಸ್ವಂತ ಖರ್ಚಿನಲ್ಲಿ ಹೋಗುವವರಿಗೂ ಇದೇ ಮಾತು: ಹೆಸರಾಂತ ಜಾಗಕ್ಕಿಂತ ಒಂದೇ ಬಸ್ಸಿನ ದೂರದ್ದು ಮೇಲು. ಶಾಲೆ ಮುಗಿಸಿ ಸೋತ ಮಗುವನ್ನು ಜನವರಿಯ ಚಳಿಯಲ್ಲಿ ವಾರಕ್ಕೆರಡು ಸಲ ಎರಡು ರೈಲು ಬದಲಿಸಿ ಕರೆದೊಯ್ಯುವ ಉತ್ಸಾಹ ಯಾರಿಗೂ ಬಹಳ ದಿನ ಉಳಿಯದು. ಕಂಪನಿಯ ಇನ್ಶೂರೆನ್ಸ್ ಇದ್ದರೆ ವರ್ಷಕ್ಕೆ ಎಷ್ಟು ಸಲ, ಮುಂಚೆ ಅನುಮತಿ ಬೇಕೇ ಎಂದು ಕೇಳಿ. ಡಾಕ್ಟರ ಚೀಟಿ ಇಲ್ಲಿ ಬೇಕೇ ಬೇಕು. ಥೆರಪಿಸ್ಟರ ಲೈಸೆನ್ಸನ್ನು ರಾಜ್ಯ ಶಿಕ್ಷಣ ಇಲಾಖೆಯ ‘ಆಫೀಸ್ ಆಫ್ ದಿ ಪ್ರೊಫೆಷನ್ಸ್’ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಜ್ವರ ಬಂದು ತಪ್ಪಿಸಿದರೆ ದಂಡ ಎಷ್ಟು ಎಂಬುದನ್ನು ಫಾರಂಗೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.