ಮಳೆಗಾಲದಲ್ಲೇ ಇಂಟರ್‌ವ್ಯೂ: ಪವರ್ ಸಿಸ್ಟಮ್ಸ್ ಮೇಷ್ಟ್ರು ಸಿಕ್ಕ ಕಥೆ

ಆಗಸ್ಟ್ ಮೊದಲ ವಾರ ಇಂಟರ್‌ವ್ಯೂ ಇಡುತ್ತೇನೆ ಎಂದಾಗ ನಮ್ಮ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಳ್ಳೇ ದಿನದಲ್ಲೇ ಯಾರೂ ಬರಲ್ಲ. ಮಳೆಯಲ್ಲಿ ಬರೋದು ಜಿಗಣೆ ಮಾತ್ರ" ಎಂದರು. ಸ್ಟಾಫ್ ರೂಮಿನಲ್ಲಿ ಒಂದು ವಾರ ಇದೇ ತಮಾಷೆ. ಈಗ ಮೂರು ವರ್ಷವಾಯಿತು. ಅವತ್ತು ಸೇರಿದ ನಾಲ್ವರಲ್ಲಿ ಮೂವರು ಇನ್ನೂ ಇಲ್ಲೇ ಇದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊಡಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥ (ಎಚ್‌ಒಡಿ). ರಿನ್ಯೂವಬಲ್ ಎನರ್ಜಿ, ಮೈಕ್ರೋಗ್ರಿಡ್ (ಒಂದು ಊರಿನ ಮಟ್ಟದ ಪುಟ್ಟ ಕರೆಂಟ್ ಜಾಲ) ಪಾಠ ಮಾಡುವ, ಜೊತೆಗೆ ಸಂಶೋಧನೆಯನ್ನೂ ಮಾಡುವ ಜನ ಬೇಕಿತ್ತು. ಅರ್ಹತೆ, ಯಾವ ಹುದ್ದೆಗೆ ಎಷ್ಟು ಜನ ಎಂಬ ಕೇಡರ್ ಲೆಕ್ಕ, ಯೂನಿವರ್ಸಿಟಿಯಿಂದ ತಪಾಸಣೆಗೆ ಬರುವ ಎಲ್‌ಐಸಿ ಸಮಿತಿಯ ಕಾಟ ಎಲ್ಲ ಇಂಥ ಕಾಲೇಜಿನವರಿಗೆ ಗೊತ್ತಿರುವುದೇ. ನೇರ ಸೋಲಿಗೆ ಬರುತ್ತೇನೆ.

ಮೊದಲ ಸಲ ಎರಡು ಪೇಪರಿಗೆ ಜಾಹೀರಾತು ಕೊಟ್ಟೆವು. ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಐವತ್ತು ಚಿಲ್ಲರೆ ಅರ್ಜಿ ಬಂದವು. ಅರ್ಧಕ್ಕಿಂತ ಜಾಸ್ತಿ ಜನ ಊರು ಯಾವುದೆಂದೂ ನೋಡಿರಲಿಲ್ಲ. ಒಬ್ಬರು ಫೋನ್ ಮಾಡಿ "ಮಡಿಕೇರಿಗೆ ಟ್ರೈನ್ ಎಷ್ಟು ಗಂಟೆಗೆ ಸರ್" ಎಂದರು. ಇಡೀ ಕೊಡಗಿನಲ್ಲಿ ಒಂದು ಗೇಣು ರೈಲು ಹಳಿ ಇಲ್ಲ! ಡಿಸೆಂಬರಿನಲ್ಲಿ ಇಂಟರ್‌ವ್ಯೂ ಮಾಡಿದೆವು. ಬೆಳಗ್ಗೆ ಮಂಜು, ತೋಟದಲ್ಲಿ ಕೆಂಪು ಕಾಫಿ ಹಣ್ಣು, ಸಂಜೆ ರಾಜಾಸೀಟು. ಬಂದವರೆಲ್ಲ ಸ್ವರ್ಗ ಎಂದರು. ಇಬ್ಬರು ಜನವರಿಯಲ್ಲಿ ಸೇರಿಯೂಬಿಟ್ಟರು. ಜುಲೈಯಲ್ಲಿ ನಾಲ್ಕು ದಿನ ಕರೆಂಟ್ ಹೋಯಿತು. ಒಬ್ಬರು ಐದನೇ ದಿನ ರಾಜೀನಾಮೆ ಕೊಟ್ಟರು. ಇನ್ನೊಬ್ಬರು ಆಗಸ್ಟ್ 15ರಂದು ಬಾವುಟಕ್ಕೆ ಸೆಲ್ಯೂಟ್ ಹೊಡೆದು ಊರಿಗೆ ಹೋದವರು ತಿರುಗಿ ಬರಲೇ ಇಲ್ಲ.

ಎರಡನೇ ಸಲ ಒಂದು ಕನ್ಸಲ್ಟೆನ್ಸಿ ಹಿಡಿದೆವು. ಒಂದು ತಿಂಗಳ ಸಂಬಳ ಅವರ ಫೀಸು, ಅರವತ್ತೈದು ಸಾವಿರ ಇದ್ದಿರಬೇಕು. ತೊಂಬತ್ತು ದಿನದೊಳಗೆ ಬಿಟ್ಟರೆ ಬದಲಿ ಜನ ಕೊಡುತ್ತಾರಂತೆ. ನಮ್ಮವರು ಬಿಟ್ಟಿದ್ದು ನೂರಾ ಹತ್ತನೇ ದಿನವೋ ಏನೋ. ಆಮೇಲೆ ಇನ್ನೊಬ್ಬ ಮಹಾಶಯರು "ಇನ್‌ಸ್ಪೆಕ್ಷನ್ ದಿನ ಮಾತ್ರ ಬರ್ತೀನಿ, ಪಿಎಚ್‌ಡಿ ಸರ್ಟಿಫಿಕೇಟ್ ನಿಮ್ಮ ಹತ್ರಾನೇ ಇರಲಿ" ಎಂದರು. ಬೇಡ ಎಂದೆ. ಆಡಳಿತ ಮಂಡಳಿಗೆ ನನ್ನ ಮೇಲೆ ಸಿಟ್ಟು ಬಂತು. ಎಲೆಕ್ಟ್ರಿಕಲ್ ಸೀಟೇ ತುಂಬುವುದಿಲ್ಲ, ಆ ದುಡ್ಡಲ್ಲಿ ಕಂಪ್ಯೂಟರ್ ಸೈನ್ಸಿಗೆ ಜನ ತಗೊಳ್ಳೋಣ ಎಂಬ ಮಾತು ಆಗಲೇ ಶುರುವಾಗಿತ್ತು.

ಆ ಮಳೆಗಾಲದಲ್ಲಿ ಒಂದು ರಾತ್ರಿ ಕ್ಯಾಂಡಲ್ ಹಚ್ಚಿಕೊಂಡು ಇಂಟರ್ನಲ್ಸ್ ಪೇಪರ್ ತಿದ್ದುತ್ತಿದ್ದೆ. ಆಗ ಹೊಳೆಯಿತು. ಕರೆಂಟ್ ಇಲ್ಲದ ಈ ನಾಲ್ಕು ದಿನವನ್ನೇ ನಾವು ಮುಚ್ಚಿಡುತ್ತಿದ್ದೇವೆ. ಆದರೆ ನಮಗೆ ಬೇಕಾದ ಮನುಷ್ಯನಿಗೆ ಕೆಲಸವಿರುವುದೇ ಈ ನಾಲ್ಕು ದಿನದಲ್ಲಿ, ಅಲ್ವಾ? 11 ಕೆವಿ ಲೈನು ತೋಟದ ನಡುವೆ ಹೋಗುತ್ತದೆ. ಗಾಳಿಗೆ ಸಿಲ್ವರ್ ಓಕ್ ಅದರ ಮೇಲೆ ಬೀಳುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ರಸ್ತೆಯೇ ಇರಲಿಲ್ಲ, ಇನ್ನು ಲೈನ್‌ಮ್ಯಾನ್ ಕಂಬದ ಹತ್ತಿರ ಹೋಗುವುದು ಹೇಗೆ? ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸುವ ಸೋಲಾರನ್ನು ಚಾವಣಿಗೆ ಹಾಕಿಸಿದವರೂ ಕತ್ತಲಲ್ಲೇ ಇರುತ್ತಾರೆ. ಗ್ರಿಡ್ ಹೋದ ತಕ್ಷಣ ಇನ್ವರ್ಟರ್ ಆಫ್, ಮೇಲಾಗಿ ಬಿಸಿಲೂ ಇಲ್ಲ. ಅದೇ ಹೊತ್ತಿಗೆ ಕರೆಂಟ್ ಮಾಡಬಹುದಾದ ನೀರು ಮನೆ ಹಿಂದಿನ ತೋಡಿನಲ್ಲಿ ತುಂಬಿ ಹರಿಯುತ್ತಿರುತ್ತದೆ. ಫೆಬ್ರವರಿ, ಮಾರ್ಚಿಗೆ ಬನ್ನಿ, ಎಲ್ಲ ತಿರುಗಾಮುರುಗಾ. ಬಿಸಿಲು ಬೇಕಾದಷ್ಟು, ತೋಡಿನಲ್ಲಿ ನೀರಿಲ್ಲ. ಹೂ ಮಳೆ ಬಾರದಿದ್ದರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲು ಎಲ್ಲರೂ ಒಟ್ಟಿಗೆ ಪಂಪ್ ಓಡಿಸುತ್ತಾರೆ. ಪಿಎಚ್‌ಡಿಗೆ ಇಷ್ಟು ವಿಷಯ ಸಾಲದೇ?

ಜಾಹೀರಾತಿನ ಬದಲು ಇದನ್ನೇ ಒಂದು ಪುಟದ ಕಾಗದ ಮಾಡಿದೆ. ಎಷ್ಟು ದಿನ ಕರೆಂಟ್ ಇರುವುದಿಲ್ಲ, ಮೊಬೈಲ್ ಟವರ್ ಯಾವಾಗ ಸಾಯುತ್ತದೆ, ಆಸ್ಪತ್ರೆ ಎಷ್ಟು ದೂರ, ಸಂಬಳ ಎಷ್ಟು, ಎಲ್ಲ ಬರೆದೆ. ಸುರತ್ಕಲ್, ಕ್ಯಾಲಿಕಟ್, ಬೆಂಗಳೂರು ಕಡೆ ಪಿಎಚ್‌ಡಿ ಮುಗಿಸುತ್ತಿದ್ದವರಿಗೆ ಅದು ತಲುಪಿತು. ಗೈಡ್‌ಗಳ ಮೂಲಕ ಕಳಿಸಲಿಲ್ಲ. ಬೇರೆ ದಾರಿ ಹಿಡಿದೆ. ಆ ದಾರಿ ಇಲ್ಲಿ ಹೇಳುವುದಿಲ್ಲ, ಮುಂದೆ ನನಗೂ ಬೇಕು. ಖರ್ಚು ಎಂಟು ಸಾವಿರ ದಾಟಲಿಲ್ಲ.

ಹನ್ನೊಂದು ಜನರನ್ನು ಕರೆದೆ, ಒಂಬತ್ತು ಜನ ಬಂದರು. ಮೂರು ದಿನ, ಆಗಸ್ಟ್ 1ರಿಂದ 3. ಹೋಮ್‌ಸ್ಟೇಗಳು ಆಗ ಖಾಲಿ, ಮೂರೂವರೆ ಸಾವಿರದ ರೂಮು ಸಾವಿರದ ಇನ್ನೂರಕ್ಕೆ ಸಿಕ್ಕಿತು. ಮೊದಲ ದಿನ ಡೆಮೋ ಕ್ಲಾಸ್. ಕರೆಂಟ್ ಇರಲಿಲ್ಲ. ಜನರೇಟರ್ ಹಾಕಬೇಡಿ ಎಂದು ನಾನೇ ಹೇಳಿದ್ದೆ. ಸ್ಲೈಡ್ ತಂದವರ ಮುಖ ನೋಡಬೇಕಿತ್ತು. ಚಾಕ್‌ಪೀಸ್ ಹಿಡಿದು ಲೋಡ್ ಫ್ಲೋ (ಲೈನುಗಳಲ್ಲಿ ಕರೆಂಟ್ ಹೇಗೆ ಹಂಚಿ ಹರಿಯುತ್ತದೆಂಬ ಲೆಕ್ಕ) ಹೇಳಿಕೊಟ್ಟವರು ನಾಲ್ಕೇ ಜನ.

ಎರಡನೇ ದಿನ ಗಂಬೂಟು ಕೊಟ್ಟು, ಎಲ್ಲರ ಕಾಲಿಗೂ ಉಪ್ಪು, ಸುಣ್ಣ ಹಚ್ಚಿಸಿ ಒಂದು ತೋಟಕ್ಕೆ ಕರೆದುಕೊಂಡು ಹೋದೆ. ಅಲ್ಲಿ ತೋಡಿನ ನೀರಿನಿಂದ ಕರೆಂಟ್ ಮಾಡುವ ಒಂದು ಕಿಲೋವಾಟಿನ ಪುಟ್ಟ ಟರ್ಬೈನ್, ಪಿಕೋ ಹೈಡ್ರೋ, ಇತ್ತು. ಮೀಟರ್ ಮುನ್ನೂರು ವಾಟ್ ತೋರಿಸುತ್ತಿತ್ತು. ಯಾಕೆ ಕಡಿಮೆ ಎಂದು ಕೇಳಿ ಸುಮ್ಮನೆ ಕುಳಿತೆ. ಒಬ್ಬರು ಮಲ್ಟಿಮೀಟರ್ ತೆಗೆದರು. ಇನ್ನೊಬ್ಬರು ವೋಲ್ಟೇಜ್ ಏರದಂತೆ ಹಿಡಿಯುವ ಲೋಡ್ ಕಂಟ್ರೋಲರ್ ಡಬ್ಬ ಬಿಚ್ಚಿದರು. ಬಾಗಲಕೋಟೆ ಕಡೆಯ ಒಬ್ಬ ಹುಡುಗಿ, ಅಂಥ ಮಳೆಯನ್ನು ಜೀವಮಾನದಲ್ಲಿ ನೋಡಿರಲಿಲ್ಲ, ಪೈಪಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. "ನೀರು ಕೆಮ್ಮಾಕತ್ತೈತಿ ಸರ್" ಎಂದಳು. ವಾಲ್ವ್ ಮುಚ್ಚಿಸಿ, ಟರ್ಬೈನಿಗೆ ನೀರು ಚಿಮ್ಮಿಸುವ ನಾಜಲ್ ಬಿಚ್ಚಿದಳು. ಒಳಗೆ ಸಿಲ್ವರ್ ಓಕ್ ಎಲೆಯ ಉಂಡೆ, ಅದರೊಳಗೊಂದು ಪುಟ್ಟ ಏಡಿ, ಜೀವಂತ. ಏಡಿಯನ್ನು ತೋಡಿಗೆ ಬಿಟ್ಟು, ನಾಜಲ್ ಹಾಕಿ, ಇಪ್ಪತ್ತು ಲೀಟರಿನ ಬಕೆಟ್ ಕೇಳಿದಳು. ಮೂರು ಸೆಕೆಂಡಿಗೆ ತುಂಬಿತು. ಹೆಡ್, ಅಂದರೆ ನೀರು ಇಳಿದು ಬರುವ ಎತ್ತರ, 22 ಮೀಟರ್. "ಅರ್ಧ ನಷ್ಟ ಅಂದ್ರೂ ಏಳುನೂರು ಬರಬೇಕು." ಮೀಟರ್ 680 ತೋರಿಸಿತು. ನನ್ನ ಮಟ್ಟಿಗೆ ಇಂಟರ್‌ವ್ಯೂ ಅಲ್ಲಿಗೆ ಮುಗಿಯಿತು.

ಅದೇ ಸಂಜೆ ಮೂವರು ತಾವಾಗಿಯೇ ಬೇಡ ಎಂದು ಹೊರಟರು. ಬೇಸರವಾಗಲಿಲ್ಲ. ಅವರು ಜುಲೈವರೆಗೆ ಸಂಬಳ ತಗೊಂಡು ಹೋಗುವ ಬದಲು ಒಂದು ರಾತ್ರಿಯ ರೂಮ್ ಬಾಡಿಗೆಯಲ್ಲಿ ಮುಗಿಯಿತಲ್ಲ. ಉಳಿದವರಿಗೆ ಮೂರನೇ ದಿನ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ತೋಟದ ಮನೆಯವರು ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದು ಪಾಯಸ ಬಡಿಸಿದರು. ಅದು ತಿಂದರೆ ಮಾರನೇ ದಿನ ಮೂತ್ರದ ಬಣ್ಣ ಬದಲಾಗುತ್ತದೆ ಎಂದು ಹೇಳುವುದನ್ನು ನಾನು ಮರೆತಿದ್ದೆ. ಬೆಳಗ್ಗೆ ಆರಕ್ಕೆ ಒಬ್ಬರ ಫೋನು, "ಸರ್, ಇಲ್ಲಿ ಡಾಕ್ಟರ್ ಯಾರಾದ್ರೂ..." ಇವರು ಸೇರುವುದಿಲ್ಲ ಎಂದುಕೊಂಡೆ. ಸೇರಿದರು.

ಈಗ ದುಡ್ಡಿನ ಮಾತು. ಅಸಿಸ್ಟೆಂಟ್ ಪ್ರೊಫೆಸರಿಗೆ 57,700 ಮೂಲ ವೇತನ ಎಂದು ಎಲ್ಲ ಕಾಲೇಜೂ ಬರೆದುಕೊಳ್ಳುತ್ತದೆ, ಕೈಗೆ ಕೊಡುವವರು ಎಷ್ಟೆಂದು ನಿಮಗೂ ಗೊತ್ತು. ನಿಜವಾಗಿ ಕೊಡಿಸಲು ನಾನು ಒಂದು ಎಂಟು ಲಕ್ಷದ ಟ್ರೈನಿಂಗ್ ಕಿಟ್ ಬಿಟ್ಟುಕೊಟ್ಟೆ. ಅಕೌಂಟೆಂಟ್ ಒಪ್ಪಲಿಲ್ಲ, ಕಿಟ್ ಒಂದೇ ಸಲದ ಖರ್ಚು, ಸಂಬಳ ಪ್ರತಿ ತಿಂಗಳದ್ದು ಎಂದರು. ಅವರು ಹೇಳಿದ್ದು ಸರಿಯೇ. ಆದರೂ ಎರಡು ವರ್ಷ ತಳ್ಳಿದೆ, ಅಷ್ಟರಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಬಂತು. ಪಾಠ ವಾರಕ್ಕೆ ಹದಿನಾರು ಗಂಟೆಯಿಂದ ಹತ್ತಕ್ಕೆ ಇಳಿಸಿದೆ. ಹಳೆಯ ಮೇಷ್ಟ್ರು ಗೊಣಗಿದರು. ನಾಲ್ಕು ಗಂಟೆ ನಾನೇ ತಗೊಂಡ ಮೇಲೆ ಸುಮ್ಮನಾದರು.

ಸಂಬಳಕ್ಕಿಂತ ಕಷ್ಟವಾಗಿದ್ದು ಮನೆ. ಒಂಬತ್ತು ಸಾವಿರಕ್ಕೆ ಸಿಗುತ್ತಿದ್ದ ಮನೆಯೆಲ್ಲ ಈಗ ಹೋಮ್‌ಸ್ಟೇ. ಕೊನೆಗೆ ಅದೇ ತೋಟದ ಖಾಲಿ ರೈಟರ್ (ತೋಟದ ಲೆಕ್ಕ ಬರೆಯುವವರ) ಮನೆ ಎರಡನ್ನು ತಿಂಗಳಿಗೆ ನಾಲ್ಕು ಸಾವಿರದಂತೆ ಹಿಡಿದೆ. ರಿಪೇರಿಗೆ ಒಂದೂವರೆ ಲಕ್ಷದ ಮೇಲೆ ಹೋಯಿತು. ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರೆಂದರೆ, ಅವರ ಟರ್ಬೈನ್ ನೋಡಿಕೊಳ್ಳುವುದು ನಮ್ಮ ಹುಡುಗರ ಕೆಲಸ.

ಆ ಮನೆಗಳೇ ಲ್ಯಾಬ್ ಆದವು. ಹಳೆಯ ಮೂರು ಫೇಸ್ ಪಂಪ್ ಮೋಟರಿಗೆ ಸಿ-2ಸಿ ಕ್ರಮದಲ್ಲಿ (ಒಂದರ ಎರಡರಷ್ಟು ಇನ್ನೊಂದು) ಕೆಪಾಸಿಟರ್ ಕಟ್ಟಿ ಸಿಂಗಲ್ ಫೇಸ್ ಜನರೇಟರ್ ಮಾಡಿದೆವು. ಎರಡು ಸಲ ಕೆಪಾಸಿಟರ್ ಸಿಡಿಯಿತು. ಮೂರನೇ ಸಲ ಲೋಡ್ ಕಂಟ್ರೋಲರ್ ಕೈಕೊಟ್ಟು, ವೋಲ್ಟೇಜ್ ಏರಿ, ಪಕ್ಕದ ಮನೆಯ ಟಿವಿ ಸುಟ್ಟುಹೋಯಿತು. ಹನ್ನೊಂದು ಸಾವಿರ, ನನ್ನ ಜೇಬಿನಿಂದ. ಮಿಕ್ಕ ಕರೆಂಟಿನಲ್ಲಿ ಕರಿಮೆಣಸು ಒಣಗಿಸುವ ಪೆಟ್ಟಿಗೆಯನ್ನೂ ಮಾಡಿದೆ, ಬಹಳ ಹೆಮ್ಮೆಯಿಂದ. ಮೆಣಸು ಕುಯ್ಯುವ ಹೊತ್ತಿಗೆ ತೋಡಿನಲ್ಲಿ ನೀರೇ ಇರುವುದಿಲ್ಲ ಎಂಬುದು ತೋಟದ ಆಳಿಗೆ ಹೊಳೆಯಿತು, ನನಗೆ ಹೊಳೆದಿರಲಿಲ್ಲ. ಈಗ ಆ ಪೆಟ್ಟಿಗೆಯಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುತ್ತದೆ. ಊರವರಿಗೆ ನಮ್ಮ ಪೇಪರುಗಳಿಗಿಂತ ಅದರ ಮೇಲೇ ಗೌರವ ಜಾಸ್ತಿ.

ಬಿಟ್ಟು ಹೋದ ಒಬ್ಬರು ಮಳೆಗೆ ಹೆದರಿದವರಲ್ಲ. ಹೆಂಡತಿಯ ಕೆಲಸ ಬೆಂಗಳೂರಿನಲ್ಲಿತ್ತು. ಹದಿನಾಲ್ಕು ತಿಂಗಳು ವಾರ ವಾರ ರಾತ್ರಿ ಬಸ್ಸಿನಲ್ಲಿ ಓಡಾಡಿ ಸೋತರು. ಅದು ನನ್ನ ತಪ್ಪು, ಅವರ ಮನೆಯವರನ್ನು ನಾನು ಕರೆದಿರಲಿಲ್ಲ. ಈಗ ಗಂಡನೋ ಹೆಂಡತಿಯೋ ಜೊತೆಗೇ ಬರಬೇಕು. ಅವರಿಗೊಂದು ಪ್ರಶ್ನೆ ಕೇಳುತ್ತೇನೆ. ಅದನ್ನೂ ಇಲ್ಲಿ ಬರೆಯುವುದಿಲ್ಲ.

ಅಡ್ಮಿಷನ್ ಏನೂ ಏರಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಬಾಗಲಕೋಟೆಯ ಹುಡುಗಿಯ ಹತ್ತಿರ ಈಗ ಇಬ್ಬರು ಪಿಎಚ್‌ಡಿಗೆ ಸೇರಿದ್ದಾರೆ. ಒಬ್ಬ ನಮ್ಮದೇ ಹಳೆಯ ವಿದ್ಯಾರ್ಥಿ. ಪ್ರಿನ್ಸಿಪಾಲರು ಈ ವರ್ಷ ಐದನೇ ಪೋಸ್ಟಿಗೆ ತಾವೇ ತಾರೀಕು ಹಾಕಿದರು, ಮತ್ತೆ ಆಗಸ್ಟ್ 1. ಹೋದ ಸಲ ಗಂಬೂಟಿನ ಸೈಜ್ ಸಾಲದೆ ಒಬ್ಬರು ಚಪ್ಪಲಿಯಲ್ಲೇ ತೋಟಕ್ಕಿಳಿದಿದ್ದರು. ಈ ಸಲ 5ರಿಂದ 11ರವರೆಗೆ ಎಲ್ಲ ಸೈಜೂ ಕುಶಾಲನಗರದಿಂದ ತರಿಸಿ ಇಟ್ಟಿದ್ದೇನೆ.